ಸ್ವಾಮಿ ಉಂಡ ಮುದ್ದೆ

ಮೊಳಕಾಲ್ಮುರಿನ ನಮ್ಮ ಮನೆಗೆ ಮೂರು ಕೋಣೆ. ಮುಂದಿನದು ಮಗ್ಗದ ಮನೆ, ನಡುವಿನದು ಕಿಟಕಿಯಿಲ್ಲದ ಮಲಗುವ ಕೋಣೆ, ಹಿಂದಿನದು ಅಡಿಗೆಮನೆ. ಗಾಳಿ, ಬೆಳಕು, ಜಾಗ ಎಲ್ಲ ಮೊದಲು ಮಗ್ಗಕ್ಕೆ, ಉಳಿದದ್ದು ನಮಗೆ. ಎರಡು ಕುಣಿಮಗ್ಗಗಳಿದ್ದವು. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಅವ್ವ ಕೂತು ರೇಷ್ಮೆ ಸೀರೆ ನೇಯುತ್ತಿದ್ದರು. ನಾನು ಗೋಡೆ ಪಕ್ಕ ರಾಟೆ ಇಟ್ಟುಕೊಂಡು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ನಾಲ್ಕನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಆ ರಾಟೆಯ ಮುಂದೆ ಕೂತವಳು ಮತ್ತೆ ಶಾಲೆಗೆ ಹೋಗಲಿಲ್ಲ. ಹೋಗಬೇಡ ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಶಾಲೆ ತೆರೆದ ದಿನ ಅವ್ವ ನನ್ನ ಮುಂದೆ ಹೊಸ ನೂಲಿನ ಲಡಿ ಇಟ್ಟಳು, ನಾನು ಸುತ್ತಿದೆ, ಅಷ್ಟೆ. ನನ್ನ ತಮ್ಮ ಚೌರಪ್ಪ ನನಗಿಂತ ನಾಲ್ಕು ವರ್ಷ ಚಿಕ್ಕವನು. ಚೌರಿ ಎನ್ನುತ್ತಿದ್ದೆವು. ಅವನು ಶಾಲೆಗೆ ಹೋದ, ಚೆನ್ನಾಗಿಯೇ ಓದಿದ. ನನಗೆ ಹನ್ನೆರಡು, ಅವನಿಗೆ ಎಂಟು ಇದ್ದಾಗ ಒಂದು ಮಧ್ಯಾಹ್ನ ಆ ಮಗ್ಗದ ಮನೆಯಲ್ಲಿ ನಾನು ಮಾಡಿದ ಕೆಲಸದಿಂದ ಅವನು ಬದುಕಿರುವವರೆಗೆ ಪರಮಪ್ರಸಾದ ಮುಟ್ಟಲಿಲ್ಲ. ಮಾಡಿದ್ದು ನಾಲ್ಕು ತುತ್ತಿನ ಕೆಲಸ. ಅದನ್ನು ಅವನಿಗೆ ಹೇಳಲು ನನ್ನ ಆಯುಸ್ಸೇ ಕಳೆಯಿತು. ಹೇಳಿದ ಮೇಲೆ, ಹೇಳಬಾರದಿತ್ತು ಅನ್ನಿಸಿತು. ಇನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಊರು ಮತ್ತು ಸುತ್ತಲ ಹಳ್ಳಿ ಸೇರಿದರೆ ಕ್ರೈಸ್ತರ ಮನೆ ಹದಿನೈದೋ ಹದಿನಾರೋ. ಚರ್ಚು ಇದ್ದದ್ದು ಚಳ್ಳಕೆರೆಯಲ್ಲಿ. ತಿಂಗಳಿಗೊಮ್ಮೆ ಅಲ್ಲಿಂದ ಫಾದರ್ ಬಸ್ಸಿನಲ್ಲಿ ಬಂದು ನಮ್ಮ ಮಗ್ಗದ ಮನೆಯಲ್ಲಿ, ಎರಡು ಮಗ್ಗಗಳ ನಡುವೆ ಮೇಜು ಹಾಕಿ, ರೊಟ್ಟಿಯನ್ನು ಪರಮಪ್ರಸಾದವಾಗಿ ಹಂಚುವ ಬಲಿಪೂಜೆ ಮಾಡುತ್ತಿದ್ದರು. ಅಪ್ಪ ಉಪದೇಶಿ. ಮಕ್ಕಳಿಗೆ ಜಪ ಕಲಿಸುವುದು, ಸಾವಿನ ಮನೆಗೆ ಹೋಗಿ ಪ್ರಾರ್ಥನೆ ಹೇಳುವುದು, ಫಾದರ್ ಬರುವ ದಿನ ಎಲ್ಲರಿಗೂ ಸುದ್ದಿ ಮುಟ್ಟಿಸುವುದು ಅವನ ಕೆಲಸ. ನಮ್ಮ ಓಣಿಯಲ್ಲಿ ಅಂಥ ಮನೆ ನಮ್ಮದೊಂದೇ. ಅದರಿಂದ ಯಾರಿಗೂ ಏನೂ ತೊಂದರೆ ಇರಲಿಲ್ಲ. ಅವ್ವ ಎಲ್ಲರಂತೆ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದಳು. ಚೌರಿ ಪಕ್ಕದ ಮನೆಯ ತಿಪ್ಪೇಶಿಯ ಜೊತೆ ಬೆಳೆದ. ಹಬ್ಬದ ದಿನ ತಿಪ್ಪೇಶಿಯ ಅಜ್ಜಿ ದೇವರಿಗೆ ಎಡೆ ಇಡುವಾಗ ಇವನೂ ಅಲ್ಲೇ. ಅಜ್ಜಿ ಅಡಿಗೆಯನ್ನು ದೇವರ ಮುಂದಿಟ್ಟು, ತಟ್ಟೆಯ ಸುತ್ತ ನೀರು ಬಿಟ್ಟು, ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಚ್ಚುತ್ತಿದ್ದಳು. ದೇವರು ಉಣ್ಣುವುದನ್ನು ಯಾರೂ ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಒಂದು ಸಲ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುವಳು. ಚೌರಿ ಮನೆಗೆ ಬಂದು ನನಗೆ ವರದಿ ಒಪ್ಪಿಸುವನು.

“ಅಕ್ಕ, ಅವರ ದೇವ್ರು ಇವತ್ತೂ ಏನೂ ತಿಂದಿಲ್ಲ. ಹೋಳಿಗೆ ಅಂಗೇ ಐತೆ.”

“ಹೊಟ್ಟೆ ತುಂಬಿರ್ಬೇಕು ಬಿಡು.”

“ಅಲ್ಲಕ್ಕ, ವಾಸ್ನೆ ಮಾತ್ರ ತಗೊಂತೈತಂತೆ, ಅಜ್ಜಿ ಹೇಳ್ತು. ವಾಸ್ನೆ ತಗೊಂಡ್ರೆ ಹೊಟ್ಟೆ ತುಂಬ್ತೈತಾ?”

ಆ ವರ್ಷ ಚಳ್ಳಕೆರೆ ಚರ್ಚಿನ ಹೆಂಚು ಇಳಿಸಿ ಹೊಸ ಚಾವಣಿ ಹಾಕುತ್ತಿದ್ದರು. ಪ್ರತಿ ಬೇಸಿಗೆಯಲ್ಲಿ ನಡೆಯುವ ಮೂರು ದಿನದ ಧ್ಯಾನಕೂಟಕ್ಕೆ ಜಾಗ ಇಲ್ಲವಾಯಿತು. ಧ್ಯಾನಕೂಟ ಎಂದರೆ ಎಲ್ಲ ಕೆಲಸ ಬಿಟ್ಟು ಒಂದೆಡೆ ಸೇರಿ ಬೋಧನೆ ಕೇಳುವುದು, ಪಾಪನಿವೇದನೆ ಮಾಡುವುದು. ಎಲ್ಲಕ್ಕಿಂತ ಮುಖ್ಯವಾಗಿ ಆರಾಧನೆ. ಪರಮಪ್ರಸಾದವನ್ನು ಎಲ್ಲರಿಗೂ ಕಾಣುವಂತೆ ಪೀಠದ ಮೇಲೆ ಇಡುತ್ತಾರೆ, ಬೆಳಗಿನಿಂದ ಸಂಜೆಯವರೆಗೆ ಜನ ಸರದಿಯ ಮೇಲೆ ಅದರ ಮುಂದೆ ಕೂರುತ್ತಾರೆ. ಅಲ್ಲಿರುವುದು ಸ್ವಾಮಿಯೇ ಎಂಬುದು ನಮ್ಮ ನಂಬಿಕೆ. ಅಪ್ಪ ಚಳ್ಳಕೆರೆಗೆ ಹೋಗಿ, ನಮ್ಮ ಮನೆಯಲ್ಲಿ ಮಾಡೋಣ ಎಂದು ಹೇಳಿ ಬಂದ. ಅವ್ವನನ್ನು ಕೇಳಲಿಲ್ಲ.

“ಎಂಬತ್ತು ಜನಕ್ಕೆ ಮುದ್ದೆ ಯಾರು ತಿರುವ್ತಾರೆ?” ಅಂದಳು ಅವ್ವ.

“ನೀನು ತಿರುವ್ತೀಯ. ಆರೋಗಿ ಕೈ ಹಾಕ್ತಾಳೆ.”

ಆರೋಗಿ ನಾನು, ಆರೋಗ್ಯಮ್ಮ.

“ಮಗ್ಗ?”

“ನಂದು ಬಿಚ್ಚಿ ಇಡ್ತೀನಿ. ನಿಂದು ಪಂಚೆ ಹೊದಿಸಿದ್ರಾತು.”

“ಅರ್ಧ ಸೀರೆ ಕೂತೈತೆ ಅದ್ರಾಗೆ.”

“ಸ್ವಾಮಿ ಮೂರು ದಿನ ನಮ್ಮನೇಲಿ ಇರ್ತಾನೆ ಅಂದ್ರೆ ನೀನು ಸೀರೆ ಅಂತೀಯಲ್ಲೇ.”

ಅವ್ವ ರಾಯದುರ್ಗದ ಕಡೆಯವಳು. ಸಿಟ್ಟು ಬಂದರೆ ಅವಳ ಬಾಯಿಗೆ ತೆಲುಗು ಬರುತ್ತಿತ್ತು. “ನೀ ಸ್ವಾಮಿ ಉಂಟಾಡು, ವಂಡೇದೆವರು?” ಅಂದಳು. ನಿನ್ನ ಸ್ವಾಮಿ ಇರುತ್ತಾನೆ, ಬೇಯಿಸುವವರು ಯಾರು ಎಂದು. ಅಪ್ಪನ ಮನಸ್ಸಿನಲ್ಲಿ ಏನಿತ್ತು ಎಂಬುದು ಅವ್ವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಹಿಂದಿನ ವರ್ಷ ಚಳ್ಳಕೆರೆಯಲ್ಲಿ ಊಟಕ್ಕೆ ಕೂತಾಗ ಇನ್ನಾಸಪ್ಪ ಎಂಬ ಹಿರಿಯ, ಎಣ್ಣೆ ಮಿಲ್ಲಿನ ಮೇಸ್ತ್ರಿ, ಅಪ್ಪನಿಗೆ ಕೇಳುವಂತೆಯೇ ಅಂದಿದ್ದ, ಮೊಳಕಾಲ್ಮುರಿನವರು ಹೆಸರಿಗೆ ಕ್ರೈಸ್ತರು, ಮನೇಲಿ ಎಡೆ ಇಡ್ತಾರೆ ಅಂತ. ಅಪ್ಪ ಎಲೆಯ ಮುಂದಿಂದ ಎದ್ದು ಬಂದಿದ್ದ. ಆ ಮಾತನ್ನು ಅಳಿಸಿ ಹಾಕಲು ಅವನಿಗೆ ಈ ಮೂರು ದಿನ ಬೇಕಿತ್ತು.

ಅಪ್ಪನ ಮಗ್ಗ ಬಿಚ್ಚಿದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಅದರ ಮರದ ಭಾಗಗಳನ್ನೆಲ್ಲ ಹಿತ್ತಲಿಗೆ ಸಾಗಿಸಿದ ಮೇಲೆ ಕುಣಿ ಬರಿದಾಗಿ ಬಾಯಿ ತೆರೆದುಕೊಂಡಿತ್ತು. ಒಳಗೆ ನೂಲಿನ ಚೂರು, ಒಡೆದ ಕಂಡಿಕೆ, ಚೌರಿ ಕಳೆದುಕೊಂಡಿದ್ದ ಬಳಪ. ಅಪ್ಪ ಕುಣಿಯ ಮೇಲೆ ಹಲಗೆ ಜೋಡಿಸಿ, ಅದರ ಮೇಲೆ ಪೀಠ ಹಾಕಿ, ಬಿಳಿ ಬಟ್ಟೆ ಹಾಸಿದ. ಹತ್ತಿರದವರೆಲ್ಲ ಗೋಡೆಗೆ ಸುಣ್ಣ ಬಳಿದರು. ಮನೆ ಮುಂದಿನ ಬಯಲಿಗೆ ಚಪ್ಪರ ಬಂತು. ಸೀರೆ ಡಬ್ಬದ ರಟ್ಟು ಹರಿದು ಅಪ್ಪ ಆರಾಧನೆಯ ಸರದಿ ಬರೆದು ಬಾಗಿಲಿಗೆ ನೇತು ಹಾಕಿದ. ಗಂಟೆಗೆ ಒಂದು ಮನೆಯವರು. ಮಧ್ಯಾಹ್ನ ಎರಡರಿಂದ ಮೂರರ ಸರದಿ ಯಾರಿಗೂ ಬೇಕಿರಲಿಲ್ಲ, ಉಂಡು ಅಡ್ಡಾಗುವ ಹೊತ್ತು. ಅಲ್ಲಿ ಅಪ್ಪ ನಮ್ಮ ಹೆಸರು ಬರೆದ: ಆರೋಗ್ಯಮ್ಮ, ಚೌರಪ್ಪ, ದೊಡ್ಡವರು ಒಬ್ಬರಿರಲಿ ಎಂದು ಜ್ಞಾನಜ್ಜಿ. ಜ್ಞಾನಜ್ಜಿ ಪಕ್ಕದ ಓಣಿಯ ವಿಧವೆ, ಕಿವಿ ಮಂದ.

“ಏನೇ ಆಗ್ಲಿ, ಸ್ವಾಮೀನ ಒಬ್ನೇ ಬಿಡಬಾರ್ದು,” ಎಂದು ಅಪ್ಪ ಎಲ್ಲರಿಗೂ ಹೇಳಿದ. “ನಮ್ಮನೇಗೆ ಬಂದೋರ್ನ ಒಬ್ರೇ ಕೂರ್ಸಿ ಹೋಗ್ತೀವಾ?”

ಮೂರನೆಯ ದಿನದ ಬಲಿಪೂಜೆಯಲ್ಲಿ ಚೌರಿಗೆ ಮೊದಲ ಪರಮಪ್ರಸಾದ ಎಂದು ಗೊತ್ತಾಗಿತ್ತು. ಅವನಿಗೆ ಬಿಳಿ ಅಂಗಿ ಹೊಲಿಸಿದ್ದರು. ಅವ್ವ ಕಾಲರಿಗೆ ತನ್ನ ಕೈಯಿಂದಲೇ ಜರಿ ಎಳೆಯಲ್ಲಿ ಸಣ್ಣ ಶಿಲುಬೆ ತೆಗೆದಿದ್ದಳು. ಜಪಗಳನ್ನೆಲ್ಲ ಅವನಿಗೆ ಕಲಿಸಿದ್ದು ನಾನು, ರಾಟೆ ತಿರುಗಿಸುತ್ತ, ಒಂದೊಂದು ಸಾಲು. ನನ್ನ ಮೊದಲ ಪರಮಪ್ರಸಾದಕ್ಕೆ ನಾನು ಹಾಕಿದ್ದು ಯಾರೋ ಕೊಟ್ಟ ಲಂಗ. ಅವನ ಅಂಗಿಯನ್ನು ಹಗ್ಗದ ಮೇಲೆ ಹರವುವಾಗ ಕಾಲರಿನ ಶಿಲುಬೆಯನ್ನು ಉಗುರಿನಿಂದ ಕೀಳಬೇಕು ಅನ್ನಿಸಿತು. ಕೀಳಲಿಲ್ಲ. ಆದರೆ ಅನ್ನಿಸಿತ್ತು.

ಮೊದಲ ದಿನ ಚಳ್ಳಕೆರೆಯಿಂದ, ರಾಂಪುರದಿಂದ, ತಳಕಿನಿಂದ ಜನ ಬಂದರು. ಫಾದರ್ ಪರಮಪ್ರಸಾದ ಇಟ್ಟ ಪಾತ್ರೆಯನ್ನು ಪೀಠದ ಮೇಲೆ ನಿಲ್ಲಿಸಿದಾಗ ಮಗ್ಗದ ಮನೆ ಗಪ್ಪಾಯಿತು. ಸುತ್ತ ಸೂರ್ಯನ ಕಿರಣದ ಹಾಗೆ ಬಂಗಾರ ಬಣ್ಣದ ಕಡ್ಡಿಗಳು, ನಡುವೆ ಗುಂಡನೆಯ ಗಾಜು, ಗಾಜಿನೊಳಗೆ ಬೆಳ್ಳಗೆ ತೆಳ್ಳಗೆ ರೊಟ್ಟಿ. ಅಪ್ಪ ಅತ್ತ. ಅವನು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವ್ವ ನೋಡಲಿಲ್ಲ, ಒಲೆಯ ಮುಂದಿದ್ದಳು. ಕೋಳಿ ಕೂಗುವ ಹೊತ್ತಿಗೆ ಎದ್ದು ನಾವಿಬ್ಬರೂ ಕಾರ ಅರೆದು, ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿ, ದೊಡ್ಡ ಗುಂಡಿ ಪಾತ್ರೆಯಲ್ಲಿ ಎಸರು ಇಟ್ಟು ರಾಗಿ ಹಿಟ್ಟು ತಿರುವುತ್ತಿದ್ದೆವು. ನಮ್ಮ ಮನೆಯ ಕಟ್ಟು ಒಂದೇ, ಬಂದವರು ಉಂಡ ಮೇಲೆ ಬಡಿಸಿದವರು, ಬಡಿಸಿದವರು ಉಂಡ ಮೇಲೆ ಬೇಯಿಸಿದವರು. ಹಾಗಾಗಿ ಅವ್ವನೂ ನಾನೂ ಕೊನೆಗೆ. ಮೊದಲ ದಿನ ನಮ್ಮ ಪಾಲಿಗೆ ಉಳಿದದ್ದು ಗುಂಡಿಯ ತಳ ಹಿಡಿದ ಸೀಕು. ಎರಡನೆಯ ದಿನ ಬೆಳಗಿನಿಂದ ನನ್ನ ಹೊಟ್ಟೆಗೆ ಹೋದದ್ದು ಒಂದು ಲೋಟ ಚಾ. ಎರಡು ಗಂಟೆಗೆ ಅಪ್ಪ ಕೈಗಂಟೆ ಬಾರಿಸಿ ನನ್ನ ಸರದಿ ಕರೆದಾಗ ಅವ್ವ ಇನ್ನೂ ಹೊರಗೆ ಹೆಂಗಸರ ಪಂಕ್ತಿಗೆ ಬಡಿಸುತ್ತಿದ್ದಳು.

“ಹೋಗು, ಮೂರಕ್ಕೆ ಬಂದು ಉಣ್ಣುವಂತೆ,” ಅಂದಳು.

ಮಗ್ಗದ ಮನೆಯಲ್ಲಿ ಸೆಕೆ. ಮೇಣದಬತ್ತಿಗಳು ಬಗ್ಗಿದ್ದವು. ಜ್ಞಾನಜ್ಜಿ ಕೈಯಲ್ಲಿ ಜಪಸರ ಹಿಡಿದೇ ತೂಕಡಿಸುತ್ತಿದ್ದಳು. ನಾನು ಮೊಣಕಾಲೂರಿದ್ದೆ, ಪಕ್ಕದಲ್ಲಿ ಚೌರಿ.

“ಅಕ್ಕ.”

“ಮಾತಾಡಬಾರ್ದು.”

“ಸ್ವಾಮಿ ಊಟ ಆತಾ?”

“ಏನು?”

“ನಿನ್ನೆಯಿಂದ ಇಲ್ಲೇ ಕೂತಾನೆ. ಫಾದರ್‌ಗೆ ಕೊಟ್ರು, ಚಪ್ಪರದಾಗೆ ಎಲ್ರಿಗೂ ಕೊಟ್ರು. ಇವನ್ನ ಯಾರೂ ಉಂಡ್ಯಾ ಅಂತ ಕೇಳಿಲ್ಲ.”

ನನ್ನನ್ನೂ ಯಾರೂ ಕೇಳಿರಲಿಲ್ಲ. ಅದಕ್ಕೇ ಇರಬೇಕು, ಆ ಮಾತನ್ನು ನನಗೆ ಸಹಿಸಲಾಗಲಿಲ್ಲ.

“ಅಷ್ಟು ಕರುಳು ಕಿತ್ತು ಬಂದ್ರೆ ನೀನೇ ತಂದಿಡು,” ಅಂದೆ.

ಕುಚೋದ್ಯಕ್ಕೆ ಅಂದ ಮಾತು. ಅವನು ಅದನ್ನು ಅಪ್ಪಣೆ ಎಂದುಕೊಂಡ. ಎದ್ದು ಅಡಿಗೆಮನೆಗೆ ಹೋದ, ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಮುದ್ದೆಗಳಲ್ಲಿ ಒಂದನ್ನು ಹಿತ್ತಾಳೆ ತಟ್ಟೆಗೆ ಹಾಕಿ, ನಡುವೆ ಗುಳಿ ಮಾಡಿ, ಫಾದರ್ ಊಟಕ್ಕೆಂದು ತೆಗೆದಿಟ್ಟ ತುಪ್ಪ ಸುರಿದು, ಪಕ್ಕದಲ್ಲಿ ಬೆಲ್ಲದ ಉಂಡೆ ಇಟ್ಟುಕೊಂಡು ತಂದ. ಪೀಠದ ಮುಂದಿನ ಮಣೆಯ ಮೇಲೆ ಇಟ್ಟ. ಸುತ್ತ ನೀರು ಬಿಟ್ಟ. ತಿಪ್ಪೇಶಿಯ ಅಜ್ಜಿ ಮಾಡುವಂತೆಯೇ, ಒಂದೂ ಬಿಡದೆ. ನಾನು ತಡೆಯಲಿಲ್ಲ. ಅಪ್ಪ ನೋಡಿದರೆ ಇವನಿಗೆ ಬೀಳುತ್ತದೆ ಎಂದು ಗೊತ್ತಿತ್ತು. ಬೀಳಲಿ ಎಂದೂ ಅನ್ನಿಸಿತು.

“ಅಜ್ಜಿ, ಏಳು. ಸ್ವಾಮಿ ಉಣ್ತಾನೆ,” ಎಂದು ಅವನು ಜ್ಞಾನಜ್ಜಿಯ ಭುಜ ಅಲ್ಲಾಡಿಸಿದ.

“ಹೂಂ ಕಣಪ್ಪ, ಉಣ್ಲಿ,” ಎನ್ನುತ್ತ ಅಜ್ಜಿ ಎದ್ದಳು, ಜಗಲಿಗೆ ಹೋಗಿ ಮಲಗಿದಳು. ಅವಳೂ ಚಿಕ್ಕಂದಿನಲ್ಲಿ ಎಡೆ ನೋಡಿ ಬೆಳೆದವಳೇ. ಆ ನಿದ್ದೆಗಣ್ಣಿನಲ್ಲಿ ಅವಳಿಗೆ ಅದು ಸಹಜವೇ ಆಗಿತ್ತು. ಚೌರಿ ನನ್ನನ್ನೂ ಹೊರಡಿಸಿ ಬಾಗಿಲು ಎಳೆದ. ಹೊಸ್ತಿಲ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತು, ಕೈಮುಗಿದು, ಕಣ್ಣು ಬಿಗಿಯಾಗಿ ಮುಚ್ಚಿದ.

“ಎಷ್ಟೊತ್ತು ಬಿಡ್ಬೇಕಕ್ಕ?”

“ನೂರು ಎಣಿಸು.”

“ನಮ್ಮಂಗೆ ಗಬಗಬ ತಿನ್ನಲ್ಲ ಅವನು. ಐನೂರು ಎಣಿಸ್ತೀನಿ.”

ನಾನು ಸುತ್ತಿ ಬಂದು ಅಡಿಗೆಮನೆಯಿಂದ ನಡುಕೋಣೆಗೆ, ಅಲ್ಲಿಂದ ಒಳಬಾಗಿಲಿನಿಂದ ಮಗ್ಗದ ಮನೆಗೆ ಹೋದೆ. ಯಾರಾದರೂ ಬರುವ ಮೊದಲು ತಟ್ಟೆ ತೆಗೆದುಬಿಡೋಣ ಎಂದೇ ಹೋದೆ. ಹಾಗೆಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡಿದ್ದೇನೆ, ಈಗ ಗಟ್ಟಿಯಾಗಿ ಹೇಳಲಾರೆ. ಮುದ್ದೆ ಇನ್ನೂ ಬಿಸಿ ಇತ್ತು. ತುಪ್ಪ ಕರಗಿ ಗುಳಿಯ ಅಂಚಿಗೆ ಬಂದಿತ್ತು. ಎರಡು ದಿನ ನಾನೇ ತಿರುವಿದ ಹಿಟ್ಟು, ನಾನೇ ಕಟ್ಟಿದ ಮುದ್ದೆ. ಒಂದು ತುತ್ತು ಮುರಿದು ತುಪ್ಪದಲ್ಲಿ ಅದ್ದಿ ನುಂಗಿದೆ. ಆಮೇಲೆ ಇನ್ನೊಂದು. ನಾಲ್ಕು ತುತ್ತು ತಿಂದು ಬೆಲ್ಲ ಕಚ್ಚಿದೆ. ಪೀಠದ ಕಡೆ ಮುಖ ಮಾಡಿಯೇ ತಿಂದೆ, ಬೆನ್ನು ತಿರುಗಿಸುವಷ್ಟೂ ಬುದ್ಧಿ ಇರಲಿಲ್ಲ. ಸ್ವಾಮಿ ಉಣ್ಣುವುದನ್ನು ಯಾರೂ ನೋಡಬಾರದು ಎಂದು ತಮ್ಮ ಹೊರಗೆ ಕಣ್ಣು ಮುಚ್ಚಿ ಕೂತಿದ್ದ, ನಾನು ಉಣ್ಣುವುದನ್ನು ಸ್ವಾಮಿ ಒಳಗೆ ನೋಡುತ್ತಿದ್ದ. ಬಾಗಿಲಾಚೆಯಿಂದ ಅವನ ಎಣಿಕೆ ಕೇಳುತ್ತಿತ್ತು. ಮುನ್ನೂರಾ ಹತ್ತು, ಮುನ್ನೂರಾ ಹನ್ನೊಂದು. ಹೊರಗೆ ಯಾರದೋ ಚಪ್ಪಲಿ ಸದ್ದಾಯಿತು. ಲಂಗದ ಒಳಮಗ್ಗುಲಿಗೆ ಕೈ ಒರೆಸಿಕೊಂಡು ಬಂದ ದಾರಿಯಲ್ಲೇ ಓಡಿದೆ. ತಟ್ಟೆ ಅಲ್ಲೇ ಉಳಿಯಿತು.

ಮೂರರ ಸರದಿ ಇನ್ನಾಸಪ್ಪನ ಮನೆಯವರದು. ಬೇಗನೇ ಬಂದಿದ್ದರು. ಬಾಗಿಲು ಮುಚ್ಚಿದೆ, ಹೊಸ್ತಿಲ ಮೇಲೆ ಹುಡುಗ ಏನೋ ಎಣಿಸುತ್ತಿದ್ದಾನೆ. ನಾನು ಜಗಲಿಗೆ ಬರುವ ಹೊತ್ತಿಗೆ ಚೌರಿ ಅವರಿಗೆ ತಡೆಯಿರಿ ಎಂದು ಕೈ ತೋರಿಸಿ, ಐನೂರು ಮುಗಿಸಿ, ಎದ್ದು ಒಂದು ಸಲ ಕೆಮ್ಮಿ, ಬಾಗಿಲು ತಟ್ಟಿ ತೆರೆದ. ತಟ್ಟೆ ನೋಡಿದ. ಮುರಿದ ಮುದ್ದೆ, ಖಾಲಿಯಾದ ಗುಳಿ, ಕಚ್ಚಿದ ಬೆಲ್ಲ. ಅವನು ಮೊದಲು ತಿರುಗಿ ಹುಡುಕಿದ್ದು ನನ್ನನ್ನು.

“ಅಕ್ಕ, ತಿಂದಾನೆ,” ಅಂದ. “ನೋಡ್ರಿ, ಸ್ವಾಮಿ ತಿಂದಾನೆ. ನಿಜವಾಗ್ಲೂ ತಿಂದಾನೆ.”

ಇನ್ನಾಸಪ್ಪ ಒಳಗೆ ಇಣುಕಿದ. ಪರಮಪ್ರಸಾದ ಒಂಟಿಯಾಗಿತ್ತು, ಅದರ ಮುಂದೆ ಎಂಜಲು ಮುದ್ದೆಯ ತಟ್ಟೆ ಇತ್ತು.

“ನಾನು ಹೇಳ್ಲಿಲ್ವಾ,” ಅಂದ ಹೆಂಡತಿಗೆ. “ಉಪದೇಶಿ ಮನೇಲೇ ಎಡೆ.”

ಚಪ್ಪರದಲ್ಲಿ ಮಲಗಿದ್ದವರೆಲ್ಲ ಎದ್ದು ಬಂದರು. ಅಪ್ಪ ಜನರ ನಡುವೆ ದಾರಿ ಮಾಡಿಕೊಂಡು ಬಂದ. ಅವನ ಮುಖ ಗೋಡೆಯ ಸುಣ್ಣದ ಹಾಗಿತ್ತು.

“ಯಾರು ತಿಂದಿದ್ದು?”

“ಸ್ವಾಮಿ.”

ಅಪ್ಪ ಹೊಡೆದ.

“ಯಾರು ತಿಂದಿದ್ದು ಹೇಳೋ. ನೀನು ತಿಂದ್ಯಾ?”

“ಸ್ವಾಮಿ ತಿಂದಾನಪ್ಪ. ನಾನು ಬಾಗ್ಲು ಬಿಟ್ಟು ಎದ್ದೇ ಇಲ್ಲ.”

ಇನ್ನೊಂದು ಏಟು. ಆಮೇಲೆ ಅಪ್ಪ ನನ್ನ ಕಡೆ ತಿರುಗಿದ.

“ಆರೋಗಿ, ನೀನೆಲ್ಲಿದ್ದೆ?”

“ಅಡಿಗೆಮನೇಲಿ,” ಅಂದೆ. “ನನಗೇನೂ ಗೊತ್ತಿಲ್ಲಪ್ಪ.”

ಚೌರಿ ನನ್ನನ್ನೇ ನೋಡುತ್ತಿದ್ದ. ತಂದಿಡು ಅಂದವಳು ನೀನೇ ಅಲ್ಲವಾ ಎಂಬ ದೂರು ಆ ನೋಟದಲ್ಲಿ ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಇರಲಿಲ್ಲ. ಏಟು ತಿಂದ ಕೆನ್ನೆಯಲ್ಲೇ, ನೀನಾದರೂ ನಂಬುತ್ತೀಯಲ್ಲ ಎಂಬಂತೆ ನೋಡುತ್ತಿದ್ದ. ಅಷ್ಟರಲ್ಲಿ ಫಾದರ್ ಬಂದರು. ಮೊದಲು ಪೀಠದ ಮುಂದೆ ಮೊಣಕಾಲೂರಿ ಬಹಳ ಹೊತ್ತು ಇದ್ದರು, ಆಮೇಲೆ ತಟ್ಟೆಯನ್ನು ತಾವೇ ಎತ್ತಿ ಅವ್ವನ ಕೈಗೆ ಕೊಟ್ಟರು.

ಸಂಜೆ ಪಾಪನಿವೇದನೆ ಇತ್ತು. ನಾನೂ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ, ಅತಿಥಿಗಳಿಗಿಂತ ಮೊದಲು ಊಟ ಕದ್ದು ತಿಂದೆ ಫಾದರ್ ಎಂದೆ. ಎಲ್ಲಿಂದ ತಿಂದೆ, ಆಮೇಲೆ ಏನಾಯಿತು ಎಂದು ಹೇಳಲಿಲ್ಲ. ಅವರು ಮೂರು ಮರಿಯಮ್ಮನ ಜಪ ಹೇಳು ಎಂದರು. ಹೇಳಿದೆ. ಮರುದಿನ ಬೆಳಿಗ್ಗೆ ಬಲಿಪೂಜೆಗೆ ಮೊದಲು ಅವರು ಚೌರಿಯನ್ನು ಹತ್ತಿರ ಕೂರಿಸಿಕೊಂಡು ಮೆಲ್ಲಗೆ ಮಾತಾಡಿದರು. ನಾನು ಹೂವಿನ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

“ನೋಡು ಮರಿ, ನಿನ್ನ ಮೇಲೆ ನನಗೆ ಕೋಪ ಇಲ್ಲ. ಸ್ವಾಮಿ ಮುದ್ದೆ ತಿನ್ನಲಿಲ್ಲ, ನಾನು ಸುಳ್ಳು ಹೇಳಿದೆ ಅಂತ ಒಂದು ಮಾತು ಹೇಳು. ಬಿಳಿ ಅಂಗಿ ಹಾಕ್ಕೊಂಡು ಬಾ.”

ಚೌರಿ ತಲೆ ತಗ್ಗಿಸಿ ಯೋಚಿಸಿದ. ಅವನಿಗೆ ಆ ಅಂಗಿ ಎಷ್ಟು ಬೇಕಿತ್ತು ಎಂದು ನನಗೆ ಗೊತ್ತಿತ್ತು.

“ತಿಂದಾನೆ ಫಾದರ್,” ಅಂದ. “ಸುಳ್ಳು ಹೇಳಿ ಅವನ್ನ ತಗೊಳ್ಳೋದು ಪಾಪ ಅಂತ ಅಕ್ಕ ಹೇಳಿಕೊಟ್ಟಾಳೆ.”

ಫಾದರ್ ನಿಟ್ಟುಸಿರು ಬಿಟ್ಟು, ಮುಂದಿನ ವರ್ಷ ಆಗಲಿ ಎಂದರು. ಆ ಬಲಿಪೂಜೆಯಲ್ಲಿ ನಾನು ಪರಮಪ್ರಸಾದ ತೆಗೆದುಕೊಂಡೆ. ಚೌರಿ ಅವ್ವನ ಮಗ್ಗದ ಹಿಂದೆ, ಹೊದಿಸಿದ ಪಂಚೆಯ ನೆರಳಲ್ಲಿ ನಿಂತಿದ್ದ. ಜನ ಹೋದ ಮೇಲೆ ಅಪ್ಪ ಮಗ್ಗ ಮತ್ತೆ ಹೂಡಿದ, ಆದರೆ ಉಪದೇಶಿ ಕೆಲಸ ತಾನಾಗಿ ಬಿಟ್ಟ. ಅವ್ವ ಬಟ್ಟೆ ಒಗೆಯುವಾಗ ನನ್ನ ಲಂಗ ತಿರುವಿ ಒಳಮಗ್ಗುಲು ನೋಡಿದಳು, ಮೂಗಿಗೆ ಹಿಡಿದಳು. ನಾನು ನೀರು ಸೇದುತ್ತಿದ್ದವಳು ಹಗ್ಗ ಬಿಟ್ಟೆ. ಅವಳು ನನ್ನನ್ನು ನೋಡಿದಳು, ತೆಲುಗಿನಲ್ಲಾಗಲಿ ಕನ್ನಡದಲ್ಲಾಗಲಿ ಒಂದು ಮಾತೂ ಆಡಲಿಲ್ಲ. ಸೀಗೆಪುಡಿ ಹಾಕಿ ಆ ಜಾಗವನ್ನು ಕಲ್ಲಿಗೆ ತಿಕ್ಕಿದಳು, ಬಟ್ಟೆ ಸವೆಯುವವರೆಗೆ. ಸಾಯುವತನಕ ಅವಳು ಅದನ್ನು ಎತ್ತಲಿಲ್ಲ. ಮಗ ಏಟು ತಿಂದಾಗಿದೆ, ಮಗಳನ್ನೂ ಕಳೆದುಕೊಳ್ಳುವುದೇಕೆ ಎಂದುಕೊಂಡಳೋ ಏನೋ. ಅವಳು ಕೇಳಿದ್ದರೆ ನಾನು ಹೇಳುತ್ತಿದ್ದೆ.

ಮುಂದಿನ ವರ್ಷ ಬಂತು, ಅದರ ಮುಂದಿನದೂ ಬಂತು. ಚೌರಿ ಆ ಒಂದು ಮಾತು ಹೇಳಲಿಲ್ಲ. ಬೆಳೆದ ಮೇಲೆ ಅಪ್ಪನ ಮಗ್ಗಕ್ಕೆ ಅವನೇ ಕೂತ. ಭಾನುವಾರ ತಪ್ಪದೆ ಬಸ್ಸು ಹಿಡಿದು ಚಳ್ಳಕೆರೆಯ ಬಲಿಪೂಜೆಗೆ ಹೋಗುತ್ತಿದ್ದ, ಪರಮಪ್ರಸಾದದ ಹೊತ್ತಿಗೆ ಎದ್ದು ಬಾಗಿಲಾಚೆ ನಿಲ್ಲುತ್ತಿದ್ದ. ಚರ್ಚಿನಲ್ಲಿ ಮದುವೆ ಎಂದರೆ ಪಾಪನಿವೇದನೆ, ಪರಮಪ್ರಸಾದ ಎಲ್ಲ ಇರುತ್ತದೆ. ಅದಕ್ಕೆ ಒಪ್ಪದೆ ಎರಡು ಸಂಬಂಧ ತಪ್ಪಿದವು, ಮೂರನೆಯದು ಬರಲಿಲ್ಲ. ಯಾರಾದರೂ ಯಾಕಪ್ಪ ಎಂದರೆ ನಗುತ್ತ ಹೇಳುತ್ತಿದ್ದ:

“ಅವನು ನಮ್ಮನೆ ಮುದ್ದೆ ಉಂಡಾನೆ. ಉಂಡಿಲ್ಲ ಅಂದೋರ ಕೈಯಿಂದ ನಾನು ಅವನ್ನ ಯಾಕೆ ತಗೊಳ್ಲಿ?”

ನಾನು ಚಳ್ಳಕೆರೆಗೆ ಮದುವೆಯಾಗಿ ಹೋದೆ, ಗಂಡ ತೀರಿದ ಮೇಲೆ ತಮ್ಮನ ಮನೆಗೇ ಬಂದೆ. ಅವನು ನನ್ನನ್ನು ಅವ್ವನಂತೆ ನೋಡಿಕೊಂಡ. ದಿನಾ ಊಟದ ಹೊತ್ತಿಗೆ ತನಗಿಂತ ಮೊದಲು ನನ್ನ ತಟ್ಟೆ ಹಾಕುತ್ತಿದ್ದ. ಅದೊಂದು ನನಗೆ ದಿನದಿನದ ಶಿಕ್ಷೆಯಾಗಿತ್ತು. ಹೇಳಬೇಕು ಎಂದುಕೊಂಡು ತುತ್ತು ಎತ್ತುವುದು, ನಾಳೆ ಎಂದುಕೊಂಡು ನುಂಗುವುದು. ಹೇಳಿದರೆ ಅವನಿಗೆ ಏನು ಉಳಿಯುತ್ತದೆ ಎಂದೂ ಯೋಚಿಸುತ್ತಿದ್ದೆ. ಎಂಟನೇ ವಯಸ್ಸಿನಲ್ಲಿ ಸ್ವಾಮಿ ತನ್ನ ಕೈಯಿಂದ ಉಂಡ ಎಂಬುದೊಂದೇ ಅವನ ಆಸ್ತಿ.

ಹೋದ ವರ್ಷ ಅವನಿಗೆ ಗಂಟಲಲ್ಲಿ ಕ್ಯಾನ್ಸರ್ ಕಾಣಿಸಿತು. ಮಾತು ಹೋಯಿತು. ಬಾಯಿಂದ ಏನೂ ಇಳಿಯದೆ ಹೊಟ್ಟೆಗೆ ಕೊಳವೆ ಹಾಕಿ ಕಳಿಸಿದರು, ನಾನು ಅದರಲ್ಲಿ ಗಂಜಿ ಬಿಡುತ್ತಿದ್ದೆ. ಏನಾದರೂ ಹೇಳಬೇಕಾದರೆ ಸ್ಲೇಟಿನ ಮೇಲೆ ಬರೆಯುತ್ತಿದ್ದ, ನಾನು ಆ ಸೊಟ್ಟಪಟ್ಟ ಅಕ್ಷರ ಕೂಡಿಸಿ ಓದುತ್ತಿದ್ದೆ. ಈಗಿನ ಫಾದರ್ ಚಿಕ್ಕ ವಯಸ್ಸಿನವರು. ಪೂಜೆಯ ದ್ರಾಕ್ಷಾರಸದ ಒಂದು ಹನಿ ನಾಲಿಗೆಗೆ ಮುಟ್ಟಿಸಿದರೂ ಪರಮಪ್ರಸಾದವೇ ಎಂದರು. ಚೌರಿ ತಲೆ ಅಲ್ಲಾಡಿಸಿ ಸ್ಲೇಟಿನಲ್ಲಿ ಬರೆದು ತೋರಿಸಿದ: ಅವನು ಉಂಡಿದ್ದು ನಿಜ ಅಂತ ಬರೆದುಕೊಡಿ. ಫಾದರ್ ನನ್ನ ಮುಖ ನೋಡಿದರು. ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮೊದಲ ಸಲ ಎಲ್ಲ ಹೇಳಿದೆ. ನನಗೆ ಹೇಳಿದ್ದು ಸಾಲದು ಅಮ್ಮ, ಅವರಿಗೇ ಹೇಳಬೇಕು ಎಂದರು ಫಾದರ್. ಆಗ ನಾನೇ ಕೇಳಿಕೊಂಡೆ, ಒಂದು ದಿನದ ಆರಾಧನೆ ನಮ್ಮ ಮನೆಯಲ್ಲಿ ಇಡಿ ಎಂದು. ಅವರು ಒಪ್ಪಿದರು. ಅದೇ ಮಗ್ಗದ ಮನೆ. ತಮ್ಮನ ಮಂಚ ಒಂದು ಕಡೆ, ಮಗ್ಗ ಬಿಚ್ಚಿದ ಕುಣಿಯ ಮೇಲೆ ಹಲಗೆ, ಹಲಗೆಯ ಮೇಲೆ ಪೀಠ. ಚಳ್ಳಕೆರೆಯಿಂದ ಒಂದು ಆಟೋ ತುಂಬ ಜನ ಬಂದರು. ಎರಡರಿಂದ ಮೂರರ ಸರದಿ ನಾನು ಕೇಳಿ ತೆಗೆದುಕೊಂಡೆ. ಎಲ್ಲರನ್ನೂ ಊಟಕ್ಕೆ ಕಳಿಸಿ ಬಾಗಿಲು ಮುಂದೆ ಮಾಡಿದೆ.

“ಚೌರಿ,” ಅಂದೆ. “ಅವತ್ತು ತಿಂದಿದ್ದು ನಾನು ಕಣೋ. ಹಸಿವಾಗಿತ್ತು. ಹಿಂದ್ಲ ಬಾಗ್ಲಿಂದ ಬಂದಿದ್ದೆ.”

ಅವನು ನನ್ನ ಕಡೆ ನೋಡಲಿಲ್ಲ. ಪೀಠದ ಮೇಲಿದ್ದದ್ದನ್ನು ನೋಡಿದ, ತುಂಬ ಹೊತ್ತು. ನಾನು ಅಳುತ್ತ ಏನೇನೋ ಹೇಳಿದೆ. ಅಪ್ಪನ ಹೆದರಿಕೆ, ಅಂಗಿಯ ಮೇಲಿನ ಹೊಟ್ಟೆಕಿಚ್ಚು, ಅವ್ವ ಲಂಗ ತಿಕ್ಕಿದ್ದು. ಕೊನೆಗೆ ಅವನು ಸ್ಲೇಟು ತೆಗೆದುಕೊಂಡ. ಎರಡೇ ಮಾತು.

ಯಾಕೆ ಹೇಳಿದೆ

ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಅವನು ಗೋಡೆಯ ಕಡೆ ತಿರುಗಿದ್ದ. ಅವನು ಪರಮಪ್ರಸಾದ ತೆಗೆದುಕೊಳ್ಳಲಿ ಎಂದು ಹೇಳಿದೆ ಎಂದುಕೊಂಡಿದ್ದೆ. ಅವತ್ತು ನನ್ನ ಹಸಿವಿಗೆ ತಿಂದೆ, ಇವತ್ತೂ ನನ್ನ ಹಸಿವಿಗೇ ಹೇಳಿದ್ದೆ. ಸಂಜೆ ಫಾದರ್ ಹತ್ತಿರ ಬಂದಾಗ ಅವನು ತುಟಿ ಬಿಗಿ ಹಿಡಿದು ಕಣ್ಣು ಮುಚ್ಚಿದ. ಅವರು ಹಣೆಗೆ ಕೈ ಇಟ್ಟು ಹೋದರು. ಮೂರು ದಿನ ಅವನು ನನ್ನ ಮುಖ ನೋಡಲಿಲ್ಲ. ಗಂಜಿ ಬಿಡುವಾಗ ಮೇಲೆ ಜಂತೆ ನೋಡುತ್ತಿದ್ದ. ನಾನು ಅಡಿಗೆಮನೆಯಲ್ಲಿ ತಟ್ಟೆ ಹಾಕಿಕೊಳ್ಳುವುದನ್ನೂ ಬಿಟ್ಟೆ.

ನಾಲ್ಕನೆಯ ದಿನ ಮಧ್ಯಾಹ್ನ ಮಂಚದ ಕಟ್ಟಿಗೆಗೆ ಸ್ಲೇಟು ಬಡಿದ ಸದ್ದು. ಹೋದೆ. ಅವನು ಅಡಿಗೆಮನೆಯ ಕಡೆ ಕೈ ತೋರಿಸಿದ, ಕೈಯಲ್ಲೇ ತಟ್ಟೆ ಮಾಡಿದ. ಗಂಜಿಯಾ ಎಂದರೆ ಅಲ್ಲ ಎಂದ. ನನ್ನ ಕಡೆ ಬೆರಳು ಮಾಡಿದ. ಬೆಳಿಗ್ಗೆ ಕಟ್ಟಿಟ್ಟ ಮುದ್ದೆ ಇತ್ತು, ತಣ್ಣಗಾಗಿತ್ತು. ಗುಳಿ ಮಾಡಿ ತುಪ್ಪ ಹಾಕಿ ತಂದೆ. ಬಾಗಿಲು ಮುಚ್ಚು ಎಂದು ಸನ್ನೆ ಮಾಡಿದ, ಮುಚ್ಚಿದೆ. ಕೂರು ಎಂದ, ಕುಣಿಯ ಹಲಗೆಯ ಮೇಲೆ ಕೂತೆ. ಆಮೇಲೆ ಅವನು ಎರಡೂ ಕೈ ಎದೆಯ ಮೇಲೆ ಜೋಡಿಸಿ, ಕಣ್ಣು ಬಿಗಿಯಾಗಿ ಮುಚ್ಚಿದ. ತುಟಿ ಅಲ್ಲಾಡುತ್ತಿತ್ತು, ಸದ್ದಿರಲಿಲ್ಲ. ನಾನು ತಿಂದೆ. ಬಿಡದೆ ಪೂರ್ತಿ ತಿಂದೆ. ಅವನು ಐನೂರು ಮುಗಿಸಿ ಕಣ್ಣು ತೆರೆದಾಗ ನನ್ನ ಮುಖ ನೋಡಲಿಲ್ಲ, ತಟ್ಟೆಯ ಕಡೆ ನೋಡಿದ. ನಾನು ಅವನಿಗೆ ಕಾಣುವಂತೆ ತಟ್ಟೆಯನ್ನು ವಾರೆ ಮಾಡಿ ಹಿಡಿದೆ.